ಇಪ್ಪತ್ತೊಂಬತ್ತು ಚೀಟಿಗಳು

"ನಿದ್ದೆ ಬಂದುಬಿಟ್ಟಿತ್ತು ಅಂತ ಒಂದು ಮಾತು ಹೇಳು ಮಾವ. ಕೆಲಸ ಹೋಗುತ್ತೆ, ಜೈಲು ತಪ್ಪುತ್ತೆ."

"ಬಂದಿರಲಿಲ್ವಲ್ಲೋ."

ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ನಿಘಂಟು ಕಚೇರಿಯ ಹೆಬ್ಬಾಗಿಲಲ್ಲಿ ಇಪ್ಪತ್ತೆಂಟು ವರ್ಷ ಕೂತ ಅದೇ ಸ್ಟೂಲಿನ ಮೇಲೆ ನನ್ನ ಸೋದರಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಪಕ್ಕದಲ್ಲೊಬ್ಬ ಪೇದೆ ಗೋಡೆಗೊರಗಿ ಆಕಳಿಸುತ್ತಿದ್ದ. ಕಾವಲುಗಾರನನ್ನು ಕಾಯಲು ಬಂದವನಿಗೆ ಬರುವ ನಿದ್ದೆ ಕಾವಲುಗಾರನಿಗೆ ಬರುವುದಿಲ್ಲವಂತೆ.

ಮಂಗಳವಾರ ಊಟದ ಹೊತ್ತಿನಲ್ಲಿ 'ಕಾವಲು' ಎಂಬ ಡ್ರಾಯರಿನ ಎಂಟುನೂರು ಚೀಟಿಗಳು ಮಾಯವಾಗಿ ಇವತ್ತಿಗೆ ಮೂರು ದಿನ.

ಕಚೇರಿಗೆ ಇರುವುದು ಒಂದೇ ಬಾಗಿಲು. ಬಾಗಿಲಲ್ಲಿ ಇದ್ದವನು ಮಾವ. ಯಾರೂ ಏನನ್ನೂ ಹೊರಗೆ ಒಯ್ಯಲಿಲ್ಲ, ತಾನು ರೆಪ್ಪೆ ಮುಚ್ಚಲಿಲ್ಲ ಎಂದು ಅವನ ಹೇಳಿಕೆ. ಹಾಗಿದ್ದರೆ ಒಯ್ದವನು ನೀನೇ ಎಂದು ಇನ್ಸ್‌ಪೆಕ್ಟರರ ತೀರ್ಮಾನ. ಇದಕ್ಕಿಂತ ಸುಲಭದ ಲೆಕ್ಕ ಒಂದನೇ ತರಗತಿಯಲ್ಲೂ ಇರುವುದಿಲ್ಲ.

ನಾನು ಹೊಟ್ಟೆಪಾಡಿಗೆ ಪತ್ತೇದಾರ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಕಳೆದುಹೋದ ನಾಯಿ, ಗಂಡಿನ ಗುಣ ವಿಚಾರಣೆ, ಇಷ್ಟೇ ನನ್ನ ವ್ಯಾಪಾರ. ಹೆತ್ತವರಿಲ್ಲದ ನನ್ನನ್ನು ಸಾಕಿ ಬೆಳೆಸಿದವನ ಕೈಗೆ ಬೇಡಿ ಬೀಳುವುದನ್ನು ತಪ್ಪಿಸಲಾಗದಿದ್ದರೆ ಆ ಮೇಜು ಕುರ್ಚಿಯನ್ನು ಗುಜರಿಗೆ ಹಾಕುವುದೇ ಮೇಲು.

ಇನ್ಸ್‌ಪೆಕ್ಟರ್ ಕೆಟ್ಟ ಮನುಷ್ಯರೇನಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೆಲಸಕ್ಕೆ ಸೇರಿದ ದಿನದಿಂದ ನೋಡಿದ್ದೇನೆ ಎಂದು ಅವರು ಬೇಸರದಲ್ಲೇ ಹೇಳಿದರು. ಕಾಗದದ ಚೂರು ಕದ್ದು ಮುದುಕನಿಗೆ ಏನು ಲಾಭ ಎನ್ನುವುದೊಂದೇ ಅವರಿಗೆ ತಿಳಿಯದ್ದು. ಅದು ತಿಳಿಯಲಿ ಬಿಡಲಿ, ಸಂಜೆ ಐದಕ್ಕೆ ಅವನನ್ನು ಕರೆದೊಯ್ಯುತ್ತೇನೆ ಎಂದರು.

ಆಗ ಗಂಟೆ ಹನ್ನೊಂದೂವರೆ.

ಒಳಗೆ ಹೋದೆ. ಚೀಟಿಗಳ ಕೋಣೆ ಉದ್ದವಾಗಿತ್ತು. ನೆಲದಿಂದ ಚಾವಣಿಯವರೆಗೆ ಮರದ ಕಪಾಟು, ಕಪಾಟಿನ ತುಂಬ ಪುಟ್ಟ ಪುಟ್ಟ ಡ್ರಾಯರು. ಹನ್ನೆರಡು ಲಕ್ಷ ಚೀಟಿಗಳಂತೆ. ಒಂದೊಂದು ಚೀಟಿಯಲ್ಲೂ ಒಂದು ಪದ, ಆ ಪದ ಬಳಸಿದ ಒಂದು ವಾಕ್ಯ, ವಾಕ್ಯ ಸಿಕ್ಕಿದ ಪುಸ್ತಕದ ಹೆಸರು, ಪುಟ, ವರ್ಷ. ನಲವತ್ತು ವರ್ಷ ಕೈಯಲ್ಲೇ ಬರೆದದ್ದು.

ಪ್ರಧಾನ ಸಂಪಾದಕರು ಕೋಲೂರಿಕೊಂಡು ಬಂದರು. ಎರಡೂ ಮಂಡಿ ಬಗ್ಗದ ಅವರಿಗೆ ಕೂರುವುದೂ ಕಷ್ಟ, ಏಳುವುದೂ ಕಷ್ಟ, ಮಾತು ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಕಳುವಿನ ಬಗ್ಗೆ ಕೇಳಿದರೆ ಪದದ ಬಗ್ಗೆ ಶುರು ಮಾಡಿದರು. ಮೈಗಾವಲು ಬೇರೆ, ಬೆಂಗಾವಲು ಬೇರೆ, ಕಣ್ಗಾವಲು ಬೇರೆ. ಸೊತ್ತನ್ನು ಕಾಯುವವನೂ ಕಾವಲುಗಾರ, ಗಡಿಯಲ್ಲಿ ಎಚ್ಚರವಿರುವವನೂ ಕಾವಲುಗಾರ, ಒಂದು ಮಾತನ್ನು ಕೆಡದಂತೆ ಉಳಿಸಿಕೊಂಡವನನ್ನೂ ಹಾಗೆ ಕರೆದದ್ದುಂಟು. ಮೂಲದಲ್ಲಿ ಕಾಯು. ಕಾಯು ಎಂದರೆ ರಕ್ಷಿಸು, ದಾರಿ ನೋಡು, ಬಿಸಿಯಾಗು.

ಮೂರೂ ಅರ್ಥದಲ್ಲಿ ನಾನು ಅವರ ಎದುರು ಕಾಯುತ್ತ ನಿಂತಿದ್ದೆ.

ಒಂದು ಮಾತು ಮಾತ್ರ ಕೆಲಸಕ್ಕೆ ಬಂತು. ಇಲ್ಲಿ ಬಾಯಿಮಾತಿಗೆ ಬೆಲೆಯಿಲ್ಲವಂತೆ. ಜನ ಬೀದಿಯಲ್ಲಿ ಎಷ್ಟೇ ಸೊಗಸಾಗಿ ಆಡಿದರೂ ಅಚ್ಚಾದ ಪುಸ್ತಕದಲ್ಲಿ ಸಿಕ್ಕಿದರಷ್ಟೇ ಚೀಟಿ. ಸೋಮವಾರ ಹೊರಗಿನ ತಜ್ಞರೊಬ್ಬರು ಬಂದು, ಅಚ್ಚಿಗೆ ಹೋಗುವ ಮುನ್ನ 'ಕಾವಲು' ಬರುವ ಸಂಪುಟದ ಚೀಟಿಗಳನ್ನೂ ಪುಸ್ತಕಗಳನ್ನೂ ತಾಳೆ ನೋಡುವವರಿದ್ದರು. ಅದಕ್ಕೇ ಪ್ರಧಾನರು ಗಾಬರಿಬಿದ್ದು ಪೊಲೀಸರನ್ನು ಕರೆಸಿದ್ದು.

ಬರಿದಾದ ಡ್ರಾಯರನ್ನು ಮತ್ತೊಮ್ಮೆ ಎಳೆದೆ. ಮೂರು ದಿನದಲ್ಲಿ ಹತ್ತು ಸಲ ಎಳೆದದ್ದೇ. ಒಳಗೆ ಒಂದು ಹಳದಿ ಚೀಟಿ ನಿಂತಿತ್ತು, ಅದರ ಮೇಲೆ ಮಂಗಳವಾರದ ತಾರೀಕು. ಇಷ್ಟು ದಿನ ಅದನ್ನು ಡ್ರಾಯರಿನದೇ ಒಂದು ಭಾಗ ಎಂದುಕೊಂಡಿದ್ದೆ. ಪೊಲೀಸರೂ ಹಾಗೇ ಅಂದುಕೊಂಡಿದ್ದರು. ನಮ್ಮ ಬುದ್ಧಿಗಿಷ್ಟು.

ಇದೇನು ಎಂದು ಕೇಳಿದೆ. ಚೀಟಿ ತೆಗೆದ ಜಾಗ ಖಾಲಿ ಬಿಡುವ ಹಾಗಿಲ್ಲ, ಹಳದಿ ಚೀಟಿ ಇಟ್ಟು ತಾರೀಕು ಬರೆಯಬೇಕು, ಟೀ ಕುಡಿದು ಬರುವಷ್ಟರಲ್ಲಿ ವಾಪಸ್ ಇಡುವುದಾದರೂ ಸರಿ, ಅದು ಕಚೇರಿಯ ಮೊದಲ ನಿಯಮ ಎಂದು ಪ್ರಧಾನರು ಹೇಳುತ್ತ ಹೇಳುತ್ತ ಬಾಯಿ ತೆರೆದೇ ನಿಂತರು.

ಕಳ್ಳ ಕದ್ದು ಹೋಗುವಾಗಲೂ ಹಳದಿ ಚೀಟಿ ಇಟ್ಟು ಹೋಗಿದ್ದ. ಹೊರಗಿನವನು ಈ ಕೆಲಸ ಮಾಡುವವನಲ್ಲ. ವರ್ಷಗಟ್ಟಲೆ ಅದೇ ಮಾಡಿದ ಕೈ ತಾನಾಗಿಯೇ ಮಾಡಿದ ತಪ್ಪು ಅದು.

ಒಳಗಿನವರು ಇರುವುದೇ ಮೂವರು. ಪ್ರಧಾನರು, ಐವತ್ತು ದಾಟಿದ ಉಪಸಂಪಾದಕಿ, ಮತ್ತೆ ಬೆರಳಚ್ಚುಗಾರ. ನನ್ನ ಜಾಣತನಕ್ಕೆ ನಾನೇ ಬೀಗಿ, ಮೂವರನ್ನೂ ಕರೆಸಿ ನಿಲ್ಲಿಸಿ, ಅವರ ಕಣ್ಣೆದುರೇ ಬೇರೊಂದು ಡ್ರಾಯರಿನಿಂದ ಚೀಟಿಯೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ತಡೆಯಲಾರದೆ ಹಳದಿ ಚೀಟಿಗೆ ಕೈ ಚಾಚುವವನೇ ಕಳ್ಳ.

ಮೂವರೂ ಕೈ ಚಾಚಿದರು.

ಬೆರಳಚ್ಚುಗಾರನಂತೂ ನನ್ನ ಜೇಬಿಗೇ ಕೈ ಹಾಕಿದ. ಉಪಸಂಪಾದಕಿ ನನ್ನನ್ನು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುವವರ ಹಾಗೆ ನೋಡಿದರು. ಚೀಟಿ ವಾಪಸ್ ಕೊಟ್ಟೆ. ಗಂಟೆ ಹನ್ನೆರಡೂಮುಕ್ಕಾಲು ಆಗಿತ್ತು. ಗೋಡೆಗೆ ತಲೆ ಚಚ್ಚಿಕೊಳ್ಳೋಣವೆಂದರೆ ಆ ಕೋಣೆಯಲ್ಲಿ ಗೋಡೆಯೂ ಕಾಣುತ್ತಿರಲಿಲ್ಲ, ಬರೀ ಡ್ರಾಯರು.

ಹಾಗೆ ಡ್ರಾಯರುಗಳನ್ನೇ ನೋಡುತ್ತ ನಿಂತಾಗ ತಲೆಗೆ ಹೊಳೆಯಿತು. ಮಾವ ಸುಳ್ಳು ಹೇಳುವವನಲ್ಲ. ಅದನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಆದರೂ ಮೂರು ದಿನ ನಾನು ಅವನಿಂದ ಒಂದು ಸುಳ್ಳು ಹೇಳಿಸಲು ಒದ್ದಾಡಿದೆನೇ ಹೊರತು ಅವನು ಹೇಳಿದ ನಿಜವನ್ನು ಒಂದು ಸಲವೂ ನಂಬಿ ನೋಡಲಿಲ್ಲ. ಯಾರೂ ಏನನ್ನೂ ಹೊರಗೆ ಒಯ್ಯಲಿಲ್ಲ ಎಂದರೆ ಚೀಟಿಗಳು ಒಳಗೇ ಇವೆ.

ಪೊಲೀಸರು ಬೀರು, ಚೀಲ, ಅಟ್ಟ, ಶೌಚಾಲಯದ ನೀರಿನ ತೊಟ್ಟಿ ಎಲ್ಲ ಹುಡುಕಿದ್ದರು. ಚೀಟಿಗಳ ನಡುವೆ ಚೀಟಿ ಹುಡುಕುವಷ್ಟು ತಾಳ್ಮೆ ಯಾವ ಪೊಲೀಸಿಗಿದೆ.

ನನಗೂ ಇರಲಿಲ್ಲ. ಹನ್ನೆರಡು ಲಕ್ಷ ಚೀಟಿ, ನಾಲ್ಕು ಗಂಟೆ ಹೊತ್ತು. ಹೊರಗೆ ಬಂದು ಮಾವನ ಮುಂದೆ ಕುಕ್ಕರಿಸಿದೆ. ಒಳಗೇ ಇದೆಯಾ ಎಂದು ಕೇಳಿದರೆ, ಒಳಗಿನದನ್ನು ತಾನು ನೋಡಿಲ್ಲ, ನೋಡದ್ದನ್ನು ಹೇಳುವುದಿಲ್ಲ ಎಂದ. ಊಟ ಮಾಡಿದೆಯಾ ಎಂದು ನನ್ನನ್ನೇ ತಿರುಗಿ ಕೇಳಿದ. ಸಿಟ್ಟಿನಲ್ಲಿ ನನಗೆ ಅಳು ಬಂತು.

ದಾರಿ ತೋರಿಸಿದವನು ಬೆರಳಚ್ಚುಗಾರ. ಜೇಬಿಗೆ ಕೈ ಹಾಕಿದ್ದಕ್ಕೆ ನಾಚಿಕೊಂಡಿದ್ದನೋ ಏನೋ, ಮೆಲ್ಲಗೆ ಬಂದು ಹೇಳಿದ. ಯಾವ ಡ್ರಾಯರನ್ನೂ ಕಿಕ್ಕಿರಿಸಿ ತುಂಬುವುದಿಲ್ಲ, ಚೀಟಿ ಮಗುಚಲು ಹಿಂದೆ ಎರಡು ಬೆರಳಿನಷ್ಟು ಜಾಗ ಬಿಟ್ಟಿರುತ್ತಾರೆ. ಅದೂ ನಿಯಮವೇ. ಬೆರಳು ಹೋಗದ ಡ್ರಾಯರಿನಲ್ಲಿ ಹೆಚ್ಚಿನ ಚೀಟಿ ಇದೆ ಎಂದೇ ಅರ್ಥ.

ಒಂದು ಗಂಟೆಯಿಂದ ನಾಲ್ಕರವರೆಗೆ ನಾನು ಮಾಡಿದ್ದು ಡ್ರಾಯರಿನೊಳಗೆ ಬೆರಳು ತೂರಿಸುವ ಕೆಲಸ. ಏಣಿ ಹತ್ತಿ ಮೇಲಿನ ಸಾಲುಗಳನ್ನು ಮೊದಲು ಮುಗಿಸಿದೆ. ಎಲ್ಲದರಲ್ಲೂ ಬೆರಳು ಸಲೀಸಾಗಿ ಹೋಯಿತು. ಕೆಳಗಿಳಿದಂತೆ ಉಗುರು ಸಂದಿಗೆ ಮರದ ಸಿಬಿರು ಸೇರಿತು, ಸೊಂಟ ಹಿಡಿಯಿತು. ನನ್ನ ಹಣೆಬರಹವೇ ಅಷ್ಟು. ಬೇಕಾದ್ದು ಯಾವಾಗಲೂ ಕೊನೆಯ ಸಾಲಿನಲ್ಲಿರುತ್ತದೆ.

ನೆಲಕ್ಕೆ ತಾಗಿದ ಸಾಲಿನಲ್ಲಿ, ಮಂಡಿಯೂರಿ ತಲೆ ಬಗ್ಗಿಸಿದರೆ ಮಾತ್ರ ಕಾಣುವ ಡ್ರಾಯರಿನಲ್ಲಿ, ಬೆರಳು ಹೋಗಲಿಲ್ಲ. ಪಕ್ಕದ್ದರಲ್ಲೂ ಹೋಗಲಿಲ್ಲ. ಎಳೆದು ನೋಡಿದರೆ ಹಿಂಭಾಗದಲ್ಲಿ ನೂರು ಚೀಟಿ, ಎಲ್ಲದರ ನೆತ್ತಿಯ ಮೇಲೂ 'ಕಾವಲು'.

ನೆಲದ ಮೇಲೇ ಕೂತು ಯೋಚಿಸಿದೆ. ಪ್ರಧಾನರು ಇಲ್ಲಿಗೆ ಬಗ್ಗಿದರೆ ಅವರನ್ನು ಎತ್ತಲು ಇಬ್ಬರು ಬೇಕು. ಬೆರಳಚ್ಚುಗಾರ ಮಂಗಳವಾರವಿಡೀ ಅಚ್ಚುಮನೆಯಲ್ಲಿದ್ದ, ಅದನ್ನು ಅಲ್ಲಿಯವರೇ ಪೊಲೀಸರಿಗೆ ಹೇಳಿದ್ದರು. ಉಳಿದವರು ಒಬ್ಬರೇ. ಹಿಂತಿರುಗಿ ನೋಡಿದರೆ ಅವರು ಬಾಗಿಲಲ್ಲೇ ನಿಂತಿದ್ದರು.

"ಉಳಿದದ್ದು ಅದೇ ಸಾಲಲ್ಲಿದೆ," ಎಂದರು ಉಪಸಂಪಾದಕಿ. "ಬೇಗ ತೆಗೀರಿ, ಐದಾಗ್ತಾ ಬಂತು."

"ಮೂರು ದಿನದಿಂದ ಒಬ್ಬ ಮುದುಕ ಪೊಲೀಸಿನ ಪಕ್ಕ ಕೂತಿದಾನೆ ಮೇಡಂ. ನೀವು ಅವನೆದುರೇ ದಿನಾ ಬಂದು ಹೋಗ್ತಾ ಇದೀರಿ."

"ಬುಧವಾರವೇ ಹೇಳಿಬಿಡೋಕೆ ಹೊರಟಿದ್ದೆ. ಬೇಡ ಅಂದಿದ್ದು ನಿಮ್ಮ ಮಾವನೇ."

ನನ್ನ ಮೈ ಉರಿಯಿತು. ಯಾಕೆ ಎಂದು ಕೇಳಿದೆ. ಅವರನ್ನೇ ಕೇಳಿ ಎಂದಷ್ಟೇ ಹೇಳಿ ಅವರು ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು, ಒಂದೊಂದೇ ಡ್ರಾಯರಿನಿಂದ ಚೀಟಿಗಳನ್ನು ತೆಗೆದು ಜೋಡಿಸತೊಡಗಿದರು. ತೆಗೆದ ಕಡೆಯೆಲ್ಲ ಎರಡು ಬೆರಳ ಜಾಗ ಅಳೆದು ಸರಿಮಾಡುತ್ತಲೂ ಇದ್ದರು. ಅಷ್ಟು ಸಿಟ್ಟಿನಲ್ಲೂ ಅದನ್ನು ನೋಡಿ ನಗು ಬರುವಂತಾಯಿತು.

ಕದ್ದದ್ದೇಕೆ ಎಂಬುದನ್ನು ಚೀಟಿ ಜೋಡಿಸುತ್ತಲೇ ಹೇಳಿದರು. ಇಪ್ಪತ್ತಾರು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವರಿಗೆ ಕೊಟ್ಟ ಮೊದಲ ಪದ ಕಾವಲುಗಾರ. ಪುಸ್ತಕಗಳಲ್ಲಿ ಸಿಕ್ಕಿದ್ದೆಲ್ಲ ಅರಮನೆಯ ಕಾವಲುಗಾರ, ಕೋಟೆಯ ಕಾವಲುಗಾರ. ಜೀವ ಇರುವ ಒಂದು ವಾಕ್ಯ ಇಲ್ಲ. ಹಾಗಾಗಿ ಇಪ್ಪತ್ತೊಂಬತ್ತು ವಾಕ್ಯಗಳನ್ನು ತಾವೇ ಕಟ್ಟಿ, 'ಹೆಬ್ಬಾಗಿಲಿನ ಹತ್ತು ವರ್ಷ' ಎಂಬ ಪುಸ್ತಕದ ಹೆಸರು ಹಾಕಿಬಿಟ್ಟರು. ಅಂಥ ಪುಸ್ತಕವೇ ಇಲ್ಲ. ಸೋಮವಾರ ತಜ್ಞರು ಪುಸ್ತಕ ತೋರಿಸಿ ಎಂದರೆ ತೋರಿಸಲು ಏನೂ ಇಲ್ಲ. ಒಂದು ಸುಳ್ಳು ಸಿಕ್ಕಿದರೆ ಉಳಿದ ಹನ್ನೆರಡು ಲಕ್ಷವನ್ನು ಯಾರು ನಂಬುತ್ತಾರೆ. ಇಪ್ಪತ್ತೊಂಬತ್ತನ್ನಷ್ಟೇ ತೆಗೆದರೆ ಅನುಮಾನ ಬರುತ್ತದೆಂದು ಡ್ರಾಯರನ್ನೇ ಬರಿದು ಮಾಡಿದರು. ಪ್ರಧಾನರು ಪೊಲೀಸರನ್ನು ಕರೆಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನಗೆ ಅವರ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಮಾವ ಮನೆಗೆ ಬರುತ್ತಾನೆ ಎನ್ನುವುದೊಂದೇ ತಲೆಯಲ್ಲಿತ್ತು. ಕದ್ದವರು ಸಿಕ್ಕಿದ್ದರು, ಮಾಲು ಸಿಕ್ಕಿತ್ತು, ಕಾರಣವೂ ಸಿಕ್ಕಿತ್ತು, ಗಂಟೆ ಇನ್ನೂ ಐದಾಗಿರಲಿಲ್ಲ.

ಇನ್ಸ್‌ಪೆಕ್ಟರರನ್ನು ಕೂಗಿ ಕರೆದೆ. ಓದುವ ಮೇಜಿನ ಮೇಲೆ ಎಂಟುನೂರು ಚೀಟಿಗಳನ್ನು ಸಾಲಾಗಿ ಇಟ್ಟು, ಉಪಸಂಪಾದಕಿಯವರನ್ನು ಎದುರಿಗೆ ಕೂರಿಸಿ, ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದೆ. ಅವರು ಒಂದಕ್ಷರ ಬದಲಿಸದೆ ಹೇಳಿದರು. ಬರೆದುಕೊಡಲೂ ಒಪ್ಪಿದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ವಾಕ್ಯ ಕಟ್ಟಿದ್ದಕ್ಕೆ ಯಾರನ್ನೂ ಹಿಡಿದಿಲ್ಲ, ಯಾವ ಕಾಯ್ದೆ ಹಾಕಬೇಕೋ ಹುಡುಕಬೇಕು ಎಂದರು. ಮಾವನನ್ನು ಮನೆಗೆ ಕರೆದುಕೊಂಡು ಹೋಗಿ ಎಂದೂ ಅಂದರು.

ಹೋಗಬಹುದಿತ್ತು. ಎದ್ದು ನಡೆದಿದ್ದರೆ ಇವತ್ತಿಗೆ ಕತೆ ಮುಗಿಯುತ್ತಿತ್ತು. ಆದರೆ ಇಷ್ಟೆಲ್ಲ ಪಾಡು ಪಡಿಸಿದ ಆ ವಾಕ್ಯಗಳಲ್ಲಿ ಅಂಥದ್ದೇನಿದೆ ನೋಡೋಣ ಎಂದು ಒಂದು ಚೀಟಿಯನ್ನು ಕೈಗೆತ್ತಿಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದೆ.

'ಮನೆಯವನೊಬ್ಬ ಹೊರಗಿರುವ ತನಕ ಕಾವಲುಗಾರ ಅಗುಳಿ ಹಾಕುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ.'

ಕಾಲೇಜಿನ ದಿನಗಳಲ್ಲಿ ನಾನು ತಡವಾಗಿ ಮನೆಗೆ ಬಂದಾಗಲೆಲ್ಲ ಮಾವ ಕದ ತೆರೆದು, ಬೈಯದೆ, ಹೊಡೆಯದೆ, ಇದೇ ಮಾತನ್ನು ಹೇಳಿ ಊಟಕ್ಕೆ ಕೂರಿಸುತ್ತಿದ್ದ. ಇನ್ನೊಂದು ಚೀಟಿ ಎತ್ತಿಕೊಂಡೆ, ಮತ್ತೊಂದು ಎತ್ತಿಕೊಂಡೆ. ಎಲ್ಲವೂ ನಮ್ಮ ಮನೆಯ ಮಾತು. ಈ ಹೆಂಗಸು ಏನನ್ನೂ ಕಟ್ಟಿರಲಿಲ್ಲ.

ಮಾವನ ಮಾತುಗಳನ್ನು ಕೇಳಿಸಿಕೊಂಡು ಬರೆದಿದ್ದಾರೆ, ಅವನ ಹೆಸರು ಬರದಿರಲಿ ಎಂದು ತಪ್ಪನ್ನು ತಾವೇ ಹೊತ್ತಿದ್ದಾರೆ, ಸದ್ಯ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡೆ. ಮುಚ್ಚಿಕೊಂಡೂ ಇದ್ದೆ. ಆದರೆ ನಾನು ಚೀಟಿಯ ಮುಖ ಓದುತ್ತಿದ್ದಾಗ ಎದುರಿಗೆ ಕೂತ ಇನ್ಸ್‌ಪೆಕ್ಟರ್ ಅದರ ಬೆನ್ನು ಓದುತ್ತಿದ್ದರು.

"ಹಿಂದೆ 'ನೋಡಿದೆ' ಅಂತ ಬರೆದಿದೆಯಲ್ಲ. ಏನದು?"

ಉಪಸಂಪಾದಕಿಯವರ ಮುಖ ಬಿಳಿಚಿತು. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ಮೂಲ ಪುಸ್ತಕ ತೆರೆದು ತಾಳೆ ನೋಡಬೇಕು, ನೋಡಿದವರು ಬೆನ್ನಿಗೆ ಹಾಗೆ ಬರೆಯಬೇಕು, ಅದನ್ನೂ ತಾವೇ ಕೈ ಬದಲಿಸಿ ಬರೆದದ್ದು ಎಂದು ತಡವರಿಸಿದರು.

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಇಪ್ಪತ್ತೊಂಬತ್ತು ಚೀಟಿಗಳನ್ನೂ ಬೋರಲು ಹಾಕಿದರು. ಇಪ್ಪತ್ತೊಂಬತ್ತು ಸಲ 'ನೋಡಿದೆ'. ಉರುಟು ಅಕ್ಷರ, ದೊಡ್ಡ ದೊಡ್ಡ ಗುಡಿಸು. ಬಂದುಹೋದವರ ಹೆಸರನ್ನು ಮುದುಕ ಬರೆದಿಡುವ ಬಾಗಿಲ ಪುಸ್ತಕದಲ್ಲಿ ಮೂರು ದಿನದಿಂದ ಇದೇ ಅಕ್ಷರ ಓದಿ ನನ್ನ ಕಣ್ಣು ನೋಯುತ್ತಿದೆ ಎಂದು ಹೇಳಿ ಅವರು ಟೋಪಿ ಹಾಕಿಕೊಂಡರು. ಮುದುಕನಿಗೆ ಏನು ಲಾಭ ಎಂಬ ಅವರ ಪ್ರಶ್ನೆಗೆ ಉತ್ತರವನ್ನು ನಾನೇ ಹುಡುಕಿ, ಸಾಲಾಗಿ ಜೋಡಿಸಿ, ಮೇಜಿನ ಮೇಲೆ ಇಟ್ಟಿದ್ದೆ.

ಪೇದೆ ಮಾವನನ್ನು ಒಳಗೆ ಕರೆತಂದ. ಮಾವ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಈ ಕೋಣೆಯಲ್ಲಿ ಕೂತದ್ದನ್ನು ಯಾರೂ ಕಂಡಿಲ್ಲವಂತೆ. ಈಗಲೂ ಕೂರಲಿಲ್ಲ. ಇನ್ಸ್‌ಪೆಕ್ಟರ್ ಚೀಟಿಗಳನ್ನು ತೋರಿಸಿ, ಇಲ್ಲದ ಪುಸ್ತಕವನ್ನು ನೋಡಿದೆ ಎಂದು ಬರೆದದ್ದು ನೀನೇ ತಾನೇ ಎಂದು ಕೇಳಿದರು.

ಇಲ್ಲ ಅನ್ನು ಮಾವ, ಒಂದೇ ಒಂದು ಸಲ ಇಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನಾನೇ ಬರೆದಿದ್ದು. ನೋಡಿದ್ದಕ್ಕೇ ನೋಡಿದೆ ಅಂತ ಬರೆದೆ ಸಾಹೇಬ್ರೇ," ಎಂದ ಮಾವ. "ಪುಸ್ತಕ ಇದೆ. ನಾನು ಕೈಯಲ್ಲಿ ಹಿಡಿದು ನೋಡಿದೀನಿ."

"ಇವರು ಇಲ್ಲ ಅಂತಾರಲ್ಲ."

"ಅವರು ನನಗೋಸ್ಕರ ಹಾಗಂತಾರೆ."

"ಬೇಡ," ಎಂದರು ಉಪಸಂಪಾದಕಿ. "ಇಷ್ಟು ವರ್ಷ ಕಾದಿದೀರಿ. ಈಗ ಹೇಳಬೇಡಿ."

ಇನ್ಸ್‌ಪೆಕ್ಟರ್ ಅವರತ್ತ ನೋಡಲಿಲ್ಲ. ಪುಸ್ತಕ ಬರೆದವರು ಯಾರು ಎಂದು ಮಾವನನ್ನು ಕೇಳಿದರು.

ಮಾವ ಮೊದಲ ಸಲ ನನ್ನ ಕಣ್ಣು ತಪ್ಪಿಸಿದ. ಆಮೇಲೆ ಕೈಯೆತ್ತಿ ನನ್ನನ್ನು ತೋರಿಸಿದ.

"ಇವನ ಅಪ್ಪ."

ನನ್ನ ಅಪ್ಪನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ ಎಂದೂ, ನಾನು ಮೂರು ವರ್ಷದವನಿದ್ದಾಗಲೇ ಅವನು ತೀರಿಕೊಂಡನೆಂದೂ ನನಗೆ ಹೇಳಿದವನು ಇದೇ ಮಾವ. ತಜ್ಞರಿಗೆ ಪುಸ್ತಕ ತೋರಿಸಿದ್ದರೆ ಬರೆದವನ ಹೆಸರು ನನ್ನ ಕಿವಿಗೂ ಬೀಳುತ್ತಿತ್ತು. ಕೈಯಲ್ಲಿದ್ದ ಚೀಟಿಯನ್ನು ಮತ್ತೆ ನೋಡಿದೆ. ಪುಸ್ತಕ ಅಚ್ಚಾದ ವರ್ಷ ಹೆಸರಿನ ಪಕ್ಕದಲ್ಲೇ ಇತ್ತು. ಆ ವರ್ಷ ನನಗೆ ಏಳು ತುಂಬಿತ್ತು.